ಷಷ್ಠಿಯ ಸಂಬಂಧ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಮಾತಿನಲ್ಲಿ ‘ನಮ್ಮ’ ಮತ್ತು ‘ಪರರ’

1. ಪ್ರವೇಶ

ಒಂದು ವಸ್ತು ಯಾರದು ಎಂಬ ಪ್ರಶ್ನೆಗೆ ಪ್ರತಿಯೊಂದು ಭಾಷೆಯೂ ತನ್ನದೇ ಆದ ರೀತಿಯಲ್ಲಿ ಉತ್ತರಿಸುತ್ತದೆ. ಇಂಗ್ಲಿಷ್ ಬರಹವು ನಾಮಪದದ ತಲೆಯ ಮೇಲೆ ಅಪಾಸ್ಟ್ರಫಿ ಎಂಬ ಸಣ್ಣ ಕೊಂಡಿಯನ್ನು ತೂಗುಹಾಕಿ, ಅದರ ಮುಂದೆ ‘ಎಸ್’ ಅಕ್ಷರವನ್ನಿಟ್ಟು ಉತ್ತರಿಸುತ್ತದೆ. ಕನ್ನಡವು ಷಷ್ಠೀ ವಿಭಕ್ತಿಯ ‘ಅ’ ಪ್ರತ್ಯಯದಿಂದ ಉತ್ತರಿಸುತ್ತದೆ. ಮೇಲ್ನೋಟಕ್ಕೆ ಇವೆರಡೂ ಒಂದೇ ಕೆಲಸ ಮಾಡುವಂತೆ ಕಂಡರೂ ಇವುಗಳ ಹಿಂದಿರುವ ಗ್ರಹಿಕೆಗಳಲ್ಲಿ ಅಂತರವಿದೆ. ಆ ಅಂತರವು ವ್ಯಾಕರಣ ಪುಸ್ತಕದಲ್ಲಿ ಮುಗಿದುಹೋಗದೆ ಊರಿನ ಹೆಸರು, ದೇವರ ಹೆಸರು, ಕಥೆ, ಗಾದೆ, ಹೊಲ, ಮನೆಗಳವರೆಗೂ ಚಾಚಿಕೊಂಡಿದೆ.

ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿ ಹಾಗೂ ಅವುಗಳ ದಕ್ಷಿಣಕ್ಕಿರುವ ಗುಡ್ಡಗಾಡಿನ ಸಂಡೂರು ಈ ವಿಚಾರವನ್ನು ಪರಿಶೀಲಿಸಲು ತಕ್ಕ ಪರಿಸರವಾಗಿವೆ. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡ ಮೇಲೆ ಹೊಸಪೇಟೆ ಮತ್ತು ಹಂಪಿಗಳು ಆ ಜಿಲ್ಲೆಗೆ ಸೇರಿದವು. ಸಂಡೂರು ಮತ್ತು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆಡಳಿತದ ಗೆರೆ ಹೀಗೆ ಬದಲಾದರೂ ಮಾತಿನ ಪರಿಸರ ಒಂದೇ ಆಗಿದೆ. ಇಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ ಭಾಷೆಗಳು ದಿನನಿತ್ಯದ ಬಳಕೆಯಲ್ಲಿವೆ. ಪ್ರವಾಸೋದ್ಯಮ ಮತ್ತು ಶಾಲೆಗಳ ಮೂಲಕ ಇಂಗ್ಲಿಷ್ ಕೂಡ ಬೀದಿಗೆ ಬಂದಿದೆ. ಹೀಗಾಗಿ ‘ಯಾರದು’ ಎಂಬ ಪ್ರಶ್ನೆ ಇಲ್ಲಿ ಹಲವು ವ್ಯಾಕರಣಗಳ ನಡುವೆ ನಿಂತು ಉತ್ತರ ಹುಡುಕಿಕೊಳ್ಳಬೇಕಾಗಿದೆ. ಇಂಗ್ಲಿಷಿನ ಚಿಹ್ನೆಯ ಸ್ವರೂಪ, ಕನ್ನಡ ಷಷ್ಠಿಯ ಸ್ವರೂಪ, ಈ ಪರಿಸರದ ಜನಪದ ಬಳಕೆ ಎಂಬ ಕ್ರಮದಲ್ಲಿ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಇಂಗ್ಲಿಷಿನ ಕೊಂಡಿ

ಅಪಾಸ್ಟ್ರಫಿ ಹುಟ್ಟಿನಿಂದ ಒಡೆತನದ ಚಿಹ್ನೆಯಲ್ಲ. ‘ಬೇರೆಡೆಗೆ ತಿರುಗುವುದು’ ಎಂಬರ್ಥದ ಗ್ರೀಕ್ ಪದದಿಂದ ಬಂದ ಈ ಹೆಸರು, ಅಕ್ಷರವೊಂದು ಲೋಪವಾಗಿದೆ ಎಂಬುದನ್ನು ತೋರಿಸುವ ಗುರುತಿಗೆ ಸಲ್ಲುತ್ತಿತ್ತು. 16ನೆಯ ಶತಮಾನದಲ್ಲಿ ಅದು ಇಂಗ್ಲಿಷ್ ಮುದ್ರಣಕ್ಕೆ ಬಂದದ್ದು ಇದೇ ಕೆಲಸಕ್ಕಾಗಿ. ಹಳೆಯ ಇಂಗ್ಲಿಷಿನಲ್ಲಿ ಸಂಬಂಧಾರ್ಥಕ್ಕೆ ‘ಎಸ್’ ಧ್ವನಿಯ ಹಿಂದೆ ಸ್ವರವೊಂದಿದ್ದ ಪ್ರತ್ಯಯವಿತ್ತು. ಕಾಲಕ್ರಮದಲ್ಲಿ ಉಚ್ಚಾರಣೆಯಿಂದ ಆ ಸ್ವರ ಬಿದ್ದುಹೋಯಿತು. ಬಿದ್ದುಹೋದ ಸ್ವರದ ಜಾಗದಲ್ಲಿ ಕೊಂಡಿ ಬಂದು ಕುಳಿತಿತು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಏಕವಚನದ ಸಂಬಂಧಾರ್ಥಕ್ಕೆ ಈ ಕೊಂಡಿ ರೂಢಿಯಾಯಿತು. ಬಹುವಚನದ ‘ಎಸ್’ ಅಕ್ಷರದ ನಂತರ ಕೊಂಡಿಯನ್ನಿಡುವ ಪದ್ಧತಿ ಅದಕ್ಕಿಂತ ತಡವಾಗಿ ನೆಲೆಗೊಂಡಿತು. ಅಂದರೆ ಇಂದು ಒಡೆತನದ ಗುರುತೆಂದು ಕಲಿಸಲಾಗುವ ಚಿಹ್ನೆ ವಾಸ್ತವದಲ್ಲಿ ಕಳೆದುಹೋದ ಒಂದು ಸ್ವರದ ಸ್ಮಾರಕ.

ಸರ್ವನಾಮಗಳಿಗೆ ಈ ಕೊಂಡಿ ಬೇಕಾಗಲಿಲ್ಲ. ‘ಮೈ’, ‘ಹಿಸ್’, ‘ಅವರ್’ ಮುಂತಾದವು ಮೊದಲಿನಿಂದಲೂ ಸಂಬಂಧಾರ್ಥವನ್ನು ಒಡಲಲ್ಲಿಯೇ ಹೊತ್ತ ರೂಪಗಳು. ತೊಡಕು ಹುಟ್ಟಿದ್ದು ನಪುಂಸಕದ ‘ಇಟ್ಸ್’ ರೂಪದಲ್ಲಿ. ಇದು 16ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಹೊಸ ಪದ. ಅದಕ್ಕೆ ಮೊದಲು ನಪುಂಸಕಕ್ಕೂ ‘ಹಿಸ್’ ಸಲ್ಲುತ್ತಿತ್ತು. ಹೊಸದಾಗಿ ಬಂದ ‘ಇಟ್ಸ್’ ಪದವನ್ನು ನಾಮಪದಗಳ ಮಾದರಿಯಲ್ಲಿ ಕೊಂಡಿಯೊಡನೆ ಬರೆಯುವವರು 19ನೆಯ ಶತಮಾನದ ಆರಂಭದವರೆಗೂ ಇದ್ದರು. ಆಮೇಲೆ ಮಾತ್ರ ಕೊಂಡಿಯಿಲ್ಲದ ರೂಪಕ್ಕೆ ‘ಅದರ’ ಎಂಬ ಅರ್ಥವೂ ಕೊಂಡಿಯಿರುವ ರೂಪಕ್ಕೆ ‘ಅದು ಆಗಿದೆ’ ಎಂಬ ಅರ್ಥವೂ ನಿಗದಿಯಾದವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ಭೇದ ಕಿವಿಗೆ ಕೇಳಿಸುವಂಥದಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ಇಟ್ಸ್’ ಎಂದೇ ಆಗುತ್ತವೆ. ನುಡಿದಂತೆ ಬರೆಯುವ ಲಿಪಿಯೊಂದರಲ್ಲಿ ಅಕ್ಷರ ಕಲಿತ ಮಗುವಿಗೆ ಕಣ್ಣಿಗೆ ಮಾತ್ರ ಕಾಣುವ ಈ ವ್ಯತ್ಯಾಸ ಅಪರಿಚಿತ. 2007ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಕಂಪ್ಲಿಯ ಗದ್ದೆಬಯಲಿನ ಶಾಲೆಯಾಗಲಿ ಸಂಡೂರಿನ ಗುಡ್ಡದ ತಪ್ಪಲಿನ ಶಾಲೆಯಾಗಲಿ ಈ ತೊಡಕನ್ನು ದಾಟಿಯೇ ಮುಂದೆ ಹೋಗಬೇಕು.

ಇದಕ್ಕೆ ಪರಿಹಾರ ಕನ್ನಡದೊಳಗೇ ಇದೆ. ಕನ್ನಡವು ‘ಅವರು’ ಮತ್ತು ‘ಅವರ’, ‘ಯಾರು’ ಮತ್ತು ‘ಯಾರ’, ‘ನೀವು’ ಮತ್ತು ‘ನಿಮ್ಮ’, ‘ಅದು’ ಮತ್ತು ‘ಅದರ’ ಎಂಬ ಜೋಡಿಗಳನ್ನು ಕಿವಿಗೆ ಸ್ಪಷ್ಟವಾಗುವಂತೆ ಬೇರ್ಪಡಿಸುತ್ತದೆ. ಇಂಗ್ಲಿಷಿನಲ್ಲಿ ಒಂದೇ ರೀತಿ ಕೇಳಿಸುವ ರೂಪ ಎದುರಾದಾಗ ಅದೇ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿದರೆ ಸಾಕು. ‘ಅದರ’ ಎಂದು ಬಂದರೆ ಕೊಂಡಿ ಬೇಡ. ‘ಅದು’ ಎಂದು ಬಂದರೆ ಕೊಂಡಿ ಬೇಕು. ‘ಯಾರ’ ಎಂದರೆ ಕೊಂಡಿಯಿಲ್ಲದ ರೂಪ. ‘ಯಾರು’ ಎಂದರೆ ಕೊಂಡಿಯಿರುವ ರೂಪ. ಇಂಗ್ಲಿಷ್ ಮನೆಮಾತಾಗಿರುವವರೂ ಎಡವುವ ಈ ಜಾಗದಲ್ಲಿ ಕನ್ನಡದ ಮಗುವಿಗೆ ಅದರ ತಾಯ್ನುಡಿಯೇ ಊರುಗೋಲಾಗಬಲ್ಲದು.

3. ಕನ್ನಡದ ಷಷ್ಠಿ

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಏಳು ವಿಭಕ್ತಿಗಳನ್ನು ಹೇಳಿ ಷಷ್ಠಿಗೆ ‘ಅ’ ಪ್ರತ್ಯಯವನ್ನು ವಿಧಿಸಿದ್ದಾನೆ. ಪ್ರತ್ಯಯ ಒಂದೇ ಆದರೂ ಪ್ರಕೃತಿಗೂ ಪ್ರತ್ಯಯಕ್ಕೂ ನಡುವೆ ಬರುವ ಆಗಮಗಳು ಬೇರೆ ಬೇರೆ. ಪ್ರಸ್ತುತ ನಾಲ್ಕು ಊರುಗಳ ಹೆಸರುಗಳೇ ಇದಕ್ಕೆ ನಿದರ್ಶನ. ಹೊಸಪೇಟೆಯ, ಹಂಪಿಯ, ಕಂಪ್ಲಿಯ ಎಂಬಲ್ಲಿ ಯಕಾರವು ಬಂದರೆ ಸಂಡೂರಿನ ಎಂಬಲ್ಲಿ ‘ಇನ್’ ಬರುತ್ತದೆ. ಮರದ ಎಂಬಲ್ಲಿ ದಕಾರ, ರಾಯನ ಎಂಬಲ್ಲಿ ನಕಾರ. ಆದರೆ ಊರಿನ ಮುಖ್ಯಸ್ಥನನ್ನು ಇಂದಿಗೂ ‘ಊರ ಗೌಡ’ ಎಂದೇ ಕರೆಯಲಾಗುತ್ತದೆ; ‘ಊರಿನ ಗೌಡ’ ಎಂದರೆ ಮಾತು ಸಪ್ಪೆಯಾಗುತ್ತದೆ. ಆಗಮವಿಲ್ಲದ ಹಳೆಯ ರೂಪ ಗೌರವದ ಜಾಗದಲ್ಲಿ ಹೀಗೆ ಉಳಿದುಕೊಂಡಿದೆ. ಈ ಭಾಗದ ಆಡುಮಾತಿನಲ್ಲಿ ಇಕಾರಾಂತ ಪದಗಳ ಮೇಲೆ ಷಷ್ಠಿ ಹಲವೊಮ್ಮೆ ಲೋಪವಾಗಿಬಿಡುತ್ತದೆ. ‘ಹಂಪಿ ಜಾತ್ರಿ’, ‘ಮನಿ ಮಂದಿ’ ಎಂಬ ಮಾತುಗಳಲ್ಲಿ ಪ್ರತ್ಯಯ ಕಾಣದು. ಸಂಬಂಧ ಮಾತ್ರ ಇದೆ. ಕೊಂಡಿಯ ಗುರುತಿಲ್ಲದೆಯೇ ಕೇಳುಗನು ಲೋಪವನ್ನು ತುಂಬಿಕೊಳ್ಳುತ್ತಾನೆ.

ಷಷ್ಠಿಯ ಅರ್ಥವೇನು ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಪಾಣಿನೀಯ ಪರಂಪರೆಯಲ್ಲಿ ಷಷ್ಠಿಯು ಕಾರಕಗಳ ಸಾಲಿಗೆ ಸೇರುವುದಿಲ್ಲ. ಕರ್ತೃ, ಕರ್ಮ, ಕರಣ ಮೊದಲಾದವು ಕ್ರಿಯೆಯೊಡನೆ ಸಂಬಂಧ ಹೊಂದಿದರೆ ಷಷ್ಠಿಯು ನಾಮಕ್ಕೂ ನಾಮಕ್ಕೂ ಸಂಬಂಧ ಕಲ್ಪಿಸುತ್ತದೆ. ಕನ್ನಡ ವ್ಯಾಕರಣಗಳೂ ಷಷ್ಠಿಯ ಅರ್ಥವನ್ನು ‘ಸಂಬಂಧ’ ಎಂದೇ ಹೇಳುತ್ತ ಬಂದಿವೆ. ಒಡೆಯ ಮತ್ತು ಒಡವೆ ಎಂಬ ಸ್ವಸ್ವಾಮಿಭಾವವು ಆ ಸಂಬಂಧದ ಬಗೆಗಳಲ್ಲಿ ಒಂದು ಮಾತ್ರ. ಮರದ ಕೊಂಬೆ, ತಾಯಿಯ ಮಗು, ಕಲ್ಲಿನ ಕಂಬ, ನಾಳೆಯ ಕೆಲಸ, ಸಂಡೂರಿನ ದಾರಿ ಇವೆಲ್ಲವೂ ಷಷ್ಠಿಗಳೇ. ಕೊಂಬೆಗೆ ಮರ ಒಡೆಯನಲ್ಲ, ಮಗುವಿಗೆ ತಾಯಿ ಒಡತಿಯಲ್ಲ. ಷಷ್ಠಿಗೆ ನೂರೊಂದು ಅರ್ಥಗಳಿವೆ ಎಂಬ ಪತಂಜಲಿಯ ಮಹಾಭಾಷ್ಯದ ಪ್ರಸಿದ್ಧ ಅಭಿಪ್ರಾಯ ಈ ವೈವಿಧ್ಯವನ್ನೇ ಸೂಚಿಸುತ್ತದೆ.

ಇದಕ್ಕೆ ಪೂರಕವಾದ ಇನ್ನೊಂದು ಅಂಶವಿದೆ. ಇಂಗ್ಲಿಷಿನ ‘ಹ್ಯಾವ್’ ಕ್ರಿಯಾಪದಕ್ಕೆ ಸಮನಾದ, ಒಡೆತನವನ್ನು ನೇರವಾಗಿ ಹೇಳುವ ಕ್ರಿಯಾಪದ ಕನ್ನಡದ ನಿತ್ಯದ ಮಾತಿನಲ್ಲಿ ಇಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಚತುರ್ಥಿ ಬರುತ್ತದೆ. ‘ನನ್ನ ಹತ್ತಿರ ನೂರು ರೂಪಾಯಿ ಇದೆ’ ಎಂಬಲ್ಲಿ ಷಷ್ಠಿಯ ಮುಂದೆ ಸಾಮೀಪ್ಯವನ್ನು ಹೇಳುವ ಪದ ಬರುತ್ತದೆ. ಈ ಭಾಗದ ಮಾತಿನಲ್ಲಿ ಅದು ‘ನನ್ನ ಕಡೆ’ ಎಂದೂ ಆಗುತ್ತದೆ. ಮಕ್ಕಳನ್ನು ‘ಹತ್ತಿರ’ ಇಟ್ಟುಕೊಂಡಂತೆ ಹೇಳುವುದಿಲ್ಲ. ಹಣವಾದರೋ ಇಂದು ಹತ್ತಿರವಿದ್ದು ನಾಳೆ ದೂರ ಹೋಗುವಂಥದು. ಬಿಡಲಾಗದ ಸಂಬಂಧಕ್ಕೂ ಬಿಟ್ಟುಹೋಗಬಹುದಾದ ಸಂಬಂಧಕ್ಕೂ ಭಾಷೆಯೇ ಬೇರೆ ಬೇರೆ ದಾರಿ ಮಾಡಿಕೊಟ್ಟಿದೆ.

ಸರ್ವನಾಮದ ಷಷ್ಠಿಗೆ ಇನ್ನೊಂದು ವಿಶೇಷವಿದೆ. ಇಂಗ್ಲಿಷಿನಲ್ಲಿ ‘ಮೈನ್’ ಎಂದರೆ ಅದು ವಸ್ತುವೋ ವ್ಯಕ್ತಿಯೋ, ಒಂದೋ ಹಲವೋ ತಿಳಿಯದು. ಕನ್ನಡದಲ್ಲಿ ನನ್ನವನು, ನನ್ನವಳು, ನನ್ನವರು, ನನ್ನದು, ನನ್ನವು ಎಂದು ಸಂಬಂಧಿಸಿದವರ ಲಿಂಗವಚನಗಳೂ ಕೂಡಿಕೊಳ್ಳುತ್ತವೆ. ಇಲ್ಲಿ ಮಾತಾಡುವವನಷ್ಟೇ ಪ್ರಾಮುಖ್ಯ ಅವನಿಗೆ ಸಂಬಂಧಿಸಿದವರಿಗೂ ಇದೆ. ‘ನಮ್ಮವರು’ ಎಂಬ ಒಂದು ಪದದಲ್ಲಿ ಬಂಧುಬಳಗ, ಜಾತಿ, ಊರು ಎಲ್ಲವೂ ಸಂದರ್ಭಾನುಸಾರ ಬಂದು ನಿಲ್ಲುತ್ತವೆ.

4. ಹೆಸರುಗಳ ಷಷ್ಠಿ: ಫಲಕ ಮತ್ತು ಕಥೆ

ಹಂಪಿಯ ಅವಶೇಷಗಳ ನಡುವೆ ಎರಡು ಬಗೆಯ ಹೆಸರುಗಳು ಅಕ್ಕಪಕ್ಕದಲ್ಲಿವೆ. ಒಂದು, ಪ್ರವಾಸಿ ಮಾರ್ಗದರ್ಶಿಗಳ ಮೂಲಕ ಪ್ರಚಾರಕ್ಕೆ ಬಂದ ‘ಕ್ವೀನ್ಸ್ ಬಾತ್’, ‘ಕಿಂಗ್ಸ್ ಬ್ಯಾಲೆನ್ಸ್’ ಮಾದರಿಯವು. ಇನ್ನೊಂದು, ಜನಪದರ ಬಾಯಲ್ಲಿರುವ ‘ಭೀಮನ ಬಾಗಿಲು’, ‘ಸುಗ್ರೀವನ ಗುಹೆ’, ‘ಸೀತೆಯ ಸೆರಗು’ ಮಾದರಿಯವು.

‘ಕ್ವೀನ್ಸ್ ಬಾತ್’ ಎಂಬುದನ್ನು ಕಿವಿಯಿಂದ ಕೇಳಿದರೆ ರಾಣಿ ಒಬ್ಬಳೋ ಹಲವರೋ ತಿಳಿಯದು. ಬರಹದಲ್ಲಿ ಕೊಂಡಿಯು ‘ಎಸ್’ ಅಕ್ಷರದ ಹಿಂದಿದ್ದರೆ ಒಬ್ಬಳು, ಮುಂದಿದ್ದರೆ ಹಲವರು. ಕನ್ನಡದಲ್ಲಿ ‘ರಾಣಿಯ ಸ್ನಾನಗೃಹ’ ಮತ್ತು ‘ರಾಣಿಯರ ಸ್ನಾನಗೃಹ’ ಎಂದು ಬಾಯಲ್ಲಿಯೇ ನಿರ್ಧಾರವಾಗಬೇಕು. ಅನುವಾದಕನು ಇಲ್ಲಿ ಒಂದು ರೇಫದಿಂದ ಅಂತಃಪುರದ ಜನಸಂಖ್ಯೆಯನ್ನೇ ಬದಲಿಸಿಬಿಡುತ್ತಾನೆ. ಆ ಕಟ್ಟಡವು ರಾಣಿಯರಿಗೇ ಮೀಸಲಾಗಿತ್ತೆಂಬುದಕ್ಕೆ ಹೆಸರನ್ನು ಬಿಟ್ಟರೆ ಬೇರೆ ಗಟ್ಟಿ ಆಧಾರವಿಲ್ಲ. ಆದರೂ ಕೊಂಡಿ ಹಾಕಿದ ಹೆಸರು ಫಲಕದ ಮೇಲೆ ಬಂದೊಡನೆ ಅದು ಒಡೆತನದ ದಾಖಲೆಯಂತೆ ತೋರುತ್ತದೆ. ನೋಡುಗನು ರಾಣಿಯ ಆಸ್ತಿಯನ್ನು ನೋಡಿದೆನೆಂದು ನಂಬಿ ಹಿಂದಿರುಗುತ್ತಾನೆ.

ಜನಪದರ ಹೆಸರುಗಳ ಷಷ್ಠಿ ಇಂಥ ಭ್ರಮೆಯನ್ನು ಹುಟ್ಟಿಸುವುದಿಲ್ಲ. ಭೀಮನು ಆ ಬಾಗಿಲನ್ನು ಕಟ್ಟಿಸಿದನೆಂದಾಗಲಿ, ಸುಗ್ರೀವನ ಹೆಸರಿನಲ್ಲಿ ಆ ಗುಹೆಗೆ ಪತ್ರವಿತ್ತೆಂದಾಗಲಿ ಯಾರೂ ಹೇಳುವುದಿಲ್ಲ. ಬಂಡೆಯ ಮೇಲೆ ಸೀರೆ ಎಳೆದಂತೆ ಕಾಣುವ ಗೆರೆಗಳು ‘ಸೀತೆಯ ಸೆರಗು’ ಆದದ್ದು ರಾಮಾಯಣದ ಕಥೆಯನ್ನು ಈ ನೆಲದ ಕಲ್ಲಿಗೆ ಕಟ್ಟಿಕೊಂಡದ್ದರಿಂದ. ನಿಂಬಾಪುರದ ಬಳಿಯ ಬೂದಿಯ ದಿಬ್ಬವನ್ನು ವಾಲಿಯ ದಹನವಾದ ಜಾಗವೆಂದು ಜನ ನಂಬುತ್ತ ಬಂದಿದ್ದಾರೆ. ಈ ಷಷ್ಠಿಗಳಲ್ಲಿ ಒಡೆತನದ ಅರ್ಥ ಲವಲೇಶವೂ ಇಲ್ಲ. ಕಥೆಯೇ ಸಂಬಂಧವಾಗಿ ನಿಂತಿದೆ. ಕಥೆ ಹೇಳುವವರು ಇರುವವರೆಗೆ ಆ ಸಂಬಂಧ ಇರುತ್ತದೆ.

ದೇವತೆಗಳ ಮತ್ತು ಮನುಷ್ಯರ ಹೆಸರುಗಳಲ್ಲಿ ಈ ಸಂಬಂಧ ಸಮಾಸದೊಳಗೆ ಕರಗುತ್ತದೆ. ಊರ ಅಮ್ಮ ‘ಊರಮ್ಮ’ನಾಗುತ್ತಾಳೆ, ನದಿಯಾಚೆಯ ಹುಲಿಗಿಯ ಅಮ್ಮ ‘ಹುಲಿಗೆಮ್ಮ’ನಾಗುತ್ತಾಳೆ. ಹಂಪಿಗೆ ನಡೆದುಕೊಳ್ಳುವ ಮನೆತನಗಳ ಮಕ್ಕಳು ಹಂಪಮ್ಮ, ಹಂಪಯ್ಯ, ಹಂಪಣ್ಣ ಎಂಬ ಹೆಸರು ಪಡೆಯುತ್ತಾರೆ. ಊರಮ್ಮನು ಊರಿನ ಒಡತಿಯೋ ಊರು ಆಕೆಯದೋ ಎಂದು ಕೇಳಿದರೆ ಎರಡೂ ಹೌದು. ಊರು ಆಕೆಯನ್ನು ಕಾಪಾಡಬೇಕು, ಆಕೆ ಊರನ್ನು ಕಾಪಾಡಬೇಕು. ಇಂಗ್ಲಿಷಿನ ಕೊಂಡಿ ಒಂದೇ ದಿಕ್ಕಿಗೆ ಬಾಗುತ್ತದೆ. ಊರಮ್ಮನ ಹೆಸರಿನ ಷಷ್ಠಿಯಾದರೋ ಎರಡು ದಿಕ್ಕಿಗೂ ಹರಿಯುತ್ತದೆ.

ಅಮೆರಿಕದ ಭೌಗೋಳಿಕ ನಾಮಗಳ ಮಂಡಳಿಯು 1890ರಲ್ಲಿ ಸ್ಥಾಪನೆಯಾದಂದಿನಿಂದಲೂ ಸ್ಥಳನಾಮಗಳಲ್ಲಿ ಸಂಬಂಧಾರ್ಥದ ಅಪಾಸ್ಟ್ರಫಿಯನ್ನು ನಿರುತ್ಸಾಹಗೊಳಿಸುತ್ತ ಬಂದಿದೆ. ಬೆರಳೆಣಿಕೆಯ ಹೆಸರುಗಳಿಗೆ ಮಾತ್ರ ಅದು ವಿನಾಯಿತಿ ಕೊಟ್ಟಿದೆ. ಸ್ಥಳನಾಮವು ಒಡೆತನವನ್ನು ಸಾರಬೇಕಾಗಿಲ್ಲ ಎಂಬುದು ಅದರ ಹಿಂದಿನ ತರ್ಕ. ಈ ತೀರ್ಮಾನಕ್ಕೆ ಕನ್ನಡದ ಸ್ಥಳನಾಮಗಳು ಯಾವ ಮಂಡಳಿಯ ಆದೇಶವೂ ಇಲ್ಲದೆ ಬಹಳ ಹಿಂದೆಯೇ ತಲುಪಿದ್ದವು. ಕೃಷ್ಣದೇವರಾಯನು ಕಟ್ಟಿಸಿದ ಪಟ್ಟಣವನ್ನು 16ನೆಯ ಶತಮಾನದ ಪೋರ್ಚುಗೀಸ್ ವರದಿಗಳು ನಾಗಲಾಪುರವೆಂದು ಕರೆದಿವೆ. ನಾಗಲಾದೇವಿಯ ಹೆಸರು ಅದರಲ್ಲಿ ಸಮಾಸವಾಗಿ ಸೇರಿತ್ತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಯಾರದೂ ಅಲ್ಲದ, ಎಲ್ಲರದೂ ಆದ ‘ಹೊಸಪೇಟೆ’. ಇಂಗ್ಲಿಷಿನಲ್ಲಿ ‘ಹಾಸ್ಪೆಟ್’ ಎಂದು ಮೊಟಕಾಗಿದ್ದ ಆ ಹೆಸರನ್ನು 2014ರ ನವೆಂಬರ್ 1ರಿಂದ ಆ ಭಾಷೆಯಲ್ಲಿಯೂ ಹೊಸಪೇಟೆ ಎಂದೇ ಬರೆಯುವ ಕ್ರಮ ಜಾರಿಗೆ ಬಂದಿತು.

5. ‘ನಮ್ಮ’ ಎಂಬುದರ ವಿಸ್ತಾರ

ಒಬ್ಬನೇ ಮಗನಾದವನೂ ‘ನಮ್ಮಪ್ಪ’, ‘ನಮ್ಮವ್ವ’ ಎನ್ನುತ್ತಾನೆ. ‘ನನ್ನಪ್ಪ’ ಎಂಬ ರೂಪ ಈ ಭಾಗದಲ್ಲಿ ಆರ್ತತೆಯ ಅಥವಾ ಮುದ್ದಿನ ಸಂದರ್ಭಕ್ಕೆ ಮೀಸಲು. ಹೆಂಡತಿಯು ಗಂಡನನ್ನು ‘ನಮ್ಮ ಮನೆಯವರು’ ಎಂದು ಸೂಚಿಸುತ್ತಾಳೆ. ಮನೆ, ಊರು, ಕೇರಿ, ದೇವರು, ಜಾತ್ರೆ ಯಾವುದನ್ನೂ ‘ನನ್ನ’ ಎನ್ನುವ ವಾಡಿಕೆಯಿಲ್ಲ. ಒಬ್ಬನಿಂದ ಆಗದ, ಹಲವರು ಕೂಡಿಯೇ ಹೊರಬೇಕಾದ ಸಂಬಂಧಗಳಿಗೆ ಬಹುವಚನದ ಷಷ್ಠಿ ಬರುತ್ತದೆ. ಇಂಗ್ಲಿಷ್ ಕಲಿಯುವ ವಿದ್ಯಾರ್ಥಿ ತನ್ನ ತಂದೆಯನ್ನು ಕುರಿತು ‘ಅವರ್ ಫಾದರ್’ ಎಂದು ಬರೆದಾಗ ಅದನ್ನು ತಪ್ಪೆಂದು ತಿದ್ದುವುದು ಸುಲಭ. ಆದರೆ ಆ ಮಗು ಇಂಗ್ಲಿಷ್ ಪದಗಳಲ್ಲಿ ಕನ್ನಡದ ಕುಟುಂಬವನ್ನು ಬರೆದಿದೆ ಎಂಬುದನ್ನೂ ತಿದ್ದುವವರು ಅರಿತಿರಬೇಕು.

ಈ ಪರಿಸರದ ದ್ವಿಭಾಷಿಕತೆ ‘ನಮ್ಮ’ ಪದಕ್ಕೆ ಇನ್ನೊಂದು ಆಯಾಮ ಕೊಟ್ಟಿದೆ. ತೆಲುಗಿನಲ್ಲಿ ಕೇಳುಗನನ್ನು ಒಳಗೊಂಡ ‘ನಮ್ಮ’ ಪದಕ್ಕೆ ‘ಮನ’ ಎಂದೂ, ಕೇಳುಗನನ್ನು ಹೊರಗಿಟ್ಟ ‘ನಮ್ಮ’ ಪದಕ್ಕೆ ‘ಮಾ’ ಎಂದೂ ಎರಡು ರೂಪಗಳಿವೆ. ತಮಿಳಿನಲ್ಲಿಯೂ ಇಂಥ ಭೇದವಿದೆ. ಮೂಲದ್ರಾವಿಡದಲ್ಲಿಯೇ ಇದು ಇದ್ದಿತೆಂದು ಭಾಷಾವಿಜ್ಞಾನಿಗಳು ಊಹಿಸುತ್ತಾರೆ. ಹಳಗನ್ನಡದಲ್ಲಿ ‘ಎಮ್ಮ’, ‘ನಮ್ಮ’ ಎಂಬ ಎರಡು ರೂಪಗಳಿದ್ದವು. ಹೊಸಗನ್ನಡದಲ್ಲಿ ‘ನಮ್ಮ’ ಒಂದೇ ಉಳಿದು ಎರಡೂ ಭಾರವನ್ನು ಹೊತ್ತುಕೊಂಡಿತು. ಬೇರೆ ಊರಿನವರೊಡನೆ ತೆಲುಗಿನಲ್ಲಿ ‘ಮಾ ಊರು’ ಎಂದರೆ ಕೇಳುವವನ ಊರು ಅದಲ್ಲ. ಊರಿನವರೇ ತಮ್ಮೊಳಗೆ ‘ಮನ ಊರು’ ಎಂದರೆ ಅದರಲ್ಲಿ ಎಲ್ಲರಿಗೂ ಪಾಲಿದೆ. ಕನ್ನಡದಲ್ಲಿ ‘ನಮ್ಮೂರು’ ಎಂದಾಗ ಕೇಳುಗನು ಒಳಗಿದ್ದಾನೋ ಹೊರಗಿದ್ದಾನೋ ಎಂಬುದನ್ನು ಸಂದರ್ಭವೇ ತಿಳಿಸಬೇಕು. ಕನ್ನಡದ ‘ನಮ್ಮ’ ಹೊಸಬನಿಗೆ ಬಾಗಿಲು ತೆರೆದಿಟ್ಟ ಪದ. ಅದೇ ಕಾರಣಕ್ಕೆ ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಭಾಷಾಂತರಕಾರರಿಗೆ ಇದು ಬಹಳ ಹಿಂದೆಯೇ ಎದುರಾಗಿದ್ದ ಸಂಗತಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಬೈಬಲಿನ ಕನ್ನಡ ಅನುವಾದಕ್ಕೆ ತೊಡಗಿದರು. ಅವರ ಜೊತೆಗಾರರಾದ ವಿಲಿಯಂ ರೀವ್ ಕನ್ನಡ ನಿಘಂಟುಗಳನ್ನು ಸಿದ್ಧಪಡಿಸಿದರು. ದೇವರನ್ನು ಸಂಬೋಧಿಸಿ ‘ನಮ್ಮ ತಂದೆ’ ಎನ್ನುವಾಗ ಆ ‘ನಮ್ಮ’ ಪದದೊಳಗೆ ಕೇಳುಗನಾದ ದೇವರು ಸೇರುವುದಿಲ್ಲ. ಆದ್ದರಿಂದ ತೆಲುಗಿನಲ್ಲಿ ಪ್ರಾರ್ಥಿಸುವವರು ‘ಮಾ’ ರೂಪವನ್ನೇ ಆರಿಸಿಕೊಳ್ಳಬೇಕು. ಕನ್ನಡದಲ್ಲಿ ಆಯ್ಕೆಯ ಪ್ರಶ್ನೆಯೇ ಬರಲಿಲ್ಲ. ಊರವರಿಗೂ ದೇವರಿಗೂ ಒಂದೇ ‘ನಮ್ಮ’ ಒದಗಿತು.

6. ‘ತನ್ನ’ ಮತ್ತು ‘ಪರರ’: ಕುಮಾರರಾಮನ ಕಥೆ

ಈ ನಾಲ್ಕು ಊರುಗಳನ್ನು ಒಂದು ದಾರದಲ್ಲಿ ಪೋಣಿಸುವ ಕಥೆ ಕುಮಾರರಾಮನದು. ಕಂಪಿಲಿಯ ಅರಸ ಕಂಪಿಲರಾಯನ ಮಗನಾದ ಈತನ ರಾಜ್ಯ 1327ರ ಸುಮಾರಿಗೆ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಸೋತು ಅಳಿಯಿತು. ರಾಜ್ಯ ಅಳಿದರೂ ಕಥೆ ಅಳಿಯಲಿಲ್ಲ. ನಂಜುಂಡ ಕವಿ ಮೊದಲಾದವರು ಅದನ್ನು ಸಾಂಗತ್ಯದಲ್ಲಿ ಹಾಡಿದರು. ಜನಪದ ಗಾಯಕರು ಬಾಯಿಂದ ಬಾಯಿಗೆ ದಾಟಿಸಿದರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಗಾಯಕಿ ಈರಮ್ಮ ಅಕ್ಷರಾಭ್ಯಾಸವಿಲ್ಲದೆಯೇ ಇಂಥ ದೀರ್ಘ ಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡು ಹಾ‌ಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತು ಗೌರವಿಸಿದ ಈ ಕಲಾವಿದೆ 2014ರಲ್ಲಿ ನಿಧನರಾದರು. ಅವರ ಹೆಸರೇ ‘ದರೋಜಿ ಈರಮ್ಮ’ ಎಂದು ಪ್ರತ್ಯಯ ಲೋಪಗೊಂಡ ಷಷ್ಠಿಯಿಂದ ಆರಂಭವಾಗುತ್ತದೆ ಎಂಬುದು ಗಮನಾರ್ಹ.

ಕುಮಾರರಾಮನಿಗೆ ಜನ ಕೊಟ್ಟ ಬಿರುದು ‘ಪರನಾರಿ ಸಹೋದರ’. ಪರರ ನಾರಿಯರಿಗೆ ಸಹೋದರನಾದವನು ಎಂಬುದು ಇದರ ಅರ್ಥ. ಈ ಚಿಕ್ಕ ಬಿರುದಿನಲ್ಲಿ ಷಷ್ಠಿಯ ಅರ್ಥವೇ ಸಮಾಸಗಳ ಒಳಗೆ ಮತ್ತೆ ಮತ್ತೆ ಅಡಗಿದೆ. ಕಥೆಯ ತಿರುವುಗಳೂ ಇದೇ ವಿಭಕ್ತಿಯ ಮೇಲೆ ನಿಂತಿವೆ. ಆಡುವಾಗ ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಚೆಂಡು ತನ್ನದು, ಮನೆ ಅವಳದು. ತನ್ನದನ್ನು ತರಲು ಪರರ ಹೊಸಿಲು ದಾಟಿದ್ದೇ ಅನಾಹುತಕ್ಕೆ ಕಾರಣವಾಗುತ್ತದೆ. ರತ್ನಾಜಿ ಅವನನ್ನು ತನ್ನವನಾಗೆಂದು ಬೇಡುತ್ತಾಳೆ. ಆತನಿಗೆ ಅವಳು ತಂದೆಯ ಹೆಂಡತಿ, ಆದ್ದರಿಂದ ತಾಯಿ. ಒಬ್ಬಳೇ ಹೆಣ್ಣು, ಅವಳು ಯಾರ ಏನು ಎಂಬುದರಲ್ಲಿ ಇಬ್ಬರ ವ್ಯಾಕರಣವೂ ಬೇರೆ. ಅವಳ ದೂರನ್ನು ನಂಬಿದ ಕಂಪಿಲರಾಯನು ಮಗನ ತಲೆ ತರಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ಮರೆಯಲ್ಲಿಟ್ಟು ಬೇರೊಬ್ಬನ ತಲೆಯನ್ನು ತಂದು ತೋರಿಸುತ್ತಾನೆ. ‘ಇದು ಯಾರ ತಲೆ’ ಎಂಬ ಪ್ರಶ್ನೆಯನ್ನು ಅರಸನು ಸರಿಯಾಗಿ ಕೇಳದೆ ಹೋದದ್ದರಿಂದಲೇ ಮಗ ಬದುಕುತ್ತಾನೆ.

ಗಾದೆಗಳಲ್ಲಿಯೂ ‘ತನ್ನ’ ಮತ್ತು ‘ಪರರ’ ಎಂಬ ಈ ಜೋಡಿ ನ್ಯಾಯದ ತಕ್ಕಡಿಯಾಗಿದೆ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಮಾತಿನಲ್ಲಿ ಎರಡು ಷಷ್ಠಿಗಳ ನಡುವಿನ ಬಿರುಕೇ ನಗೆಯನ್ನು ಹುಟ್ಟಿಸುತ್ತದೆ. ‘ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ’ ಎಂಬುದೂ ಅಂಥದೇ. ತನ್ನದಲ್ಲದ್ದರ ಮೇಲೆ ಧಾರಾಳಿಯಾಗುವವನನ್ನು ಜನಪದರು ಬಿಡುವುದಿಲ್ಲ. ಸಂಬಂಧವನ್ನು ಹಿಗ್ಗಿಸುವ ‘ನಮ್ಮ’ ಒಂದು ಕಡೆ, ಮಿತಿಯನ್ನು ಕಾಯುವ ‘ಪರರ’ ಇನ್ನೊಂದು ಕಡೆ. ಈ ಎರಡೂ ಸೇರಿದರೆ ಜನಪದರ ಷಷ್ಠಿ ಪೂರ್ಣವಾಗುತ್ತದೆ.

7. ದಾಖಲೆಯ ಷಷ್ಠಿ

ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಒಪ್ಪ ಹಾಕುತ್ತಿದ್ದರು. ಭೂಮಿಯನ್ನು ದಾನ ಮಾಡಿದವನು ಅರಸ. ಅಂಕಿತ ಬಿದ್ದದ್ದು ಹಂಪಿಯ ದೇವರ ಹೆಸರಿನಲ್ಲಿ. ರಾಜ್ಯವು ದೇವರದು, ಅರಸನು ಅದರ ಪಾಲಕ ಎಂಬ ಭಾವನೆ ಇದರಿಂದ ವ್ಯಕ್ತವಾಗುತ್ತದೆ. ಸಂಬಂಧದ ಷಷ್ಠಿಯು ಇಲ್ಲಿ ರಾಜಮುದ್ರೆಯೇ ಆಗಿದೆ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಲ್ಪಟ್ಟಿತು. ಥಾಮಸ್ ಮನ್ರೋ ಈ ಭಾಗದಲ್ಲಿ ಹೊಲ ಹೊಲವನ್ನೂ ಅಳೆಸಿ ರೈತನ ಹೆಸರಿಗೆ ಕಂದಾಯ ಗೊತ್ತುಮಾಡುವ ಕ್ರಮವನ್ನು ಬೆಳೆಸಿದನು. ಅಲ್ಲಿಂದ ಮುಂದೆ ‘ಯಾರ ಹೊಲ’ ಎಂಬ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ದೊರೆಯತೊಡಗಿತು. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನವು 1949ರವರೆಗೆ ಪ್ರತ್ಯೇಕವಾಗಿ ಉಳಿದು ಆಮೇಲೆ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಯಿತು. 1973ರಲ್ಲಿ ಸಂಡೂರಿನಲ್ಲಿ ಭೂಹೋರಾಟ ನಡೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯ ಕಾಲದಲ್ಲಿ ‘ಉಳುವವನೇ ನೆಲದೊಡೆಯ’ ಎಂಬ ಘೋಷಣೆ ನಾಡಿನಾದ್ಯಂತ ಕೇಳಿಬಂತು. ‘ನೆಲದೊಡೆಯ’ ಎಂಬ ಸಮಾಸದಲ್ಲಿ ಷಷ್ಠಿಯು ಸ್ಪಷ್ಟವಾಗಿ ಸ್ವಸ್ವಾಮಿಭಾವವನ್ನೇ ಹೇಳುತ್ತದೆ. ತಲೆಮಾರುಗಳಿಂದ ‘ನಮ್ಮ ಹೊಲ’ ಎಂದು ಉತ್ತು ಬಿತ್ತಿದವರಿಗೆ ಪುಸ್ತಕದ ಷಷ್ಠಿಯೂ ಬೇಕಾಯಿತು. ಜನಪದರು ಒಡೆತನದ ಅರ್ಥವನ್ನು ಅರಿಯದವರಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡು ಷಷ್ಠಿಗಳು ನೇರವಾಗಿ ಎದುರುಬದುರಾದದ್ದು ಹಂಪಿಯಲ್ಲಿ. ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯ ಇಕ್ಕೆಲದ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳಿದ್ದವು. 2011ರ ಜುಲೈ ತಿಂಗಳ ಕೊನೆಯಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಆ ನಂತರ ಕಡ್ಡಿರಾಂಪುರದಲ್ಲಿ ಪುನರ್ವಸತಿಯ ವ್ಯವಸ್ಥೆ ನಡೆಯಿತು. ಸ್ಮಾರಕಗಳು ರಾಷ್ಟ್ರದವು, ವಿಶ್ವದವು. ಮಂಟಪದಲ್ಲಿ ವಾಸ ಅತಿಕ್ರಮಣ ಎಂಬುದು ದಾಖಲೆಯ ಷಷ್ಠಿ. ಜಾತ್ರೆಗೆ ಬಂದವರಿಗೆ ನೀರು, ನೆರಳು, ಹೂವು, ಕಾಯಿ ಒದಗಿಸುತ್ತ ಬಂದ ಬೀದಿ ನಮ್ಮದು ಎಂಬುದು ಸಂಬಂಧದ ಷಷ್ಠಿ. ಮೊದಲನೆಯದು ಹಕ್ಕುಪತ್ರವನ್ನು ಕೇಳಿತು, ಎರಡನೆಯದರ ಬಳಿ ಅದು ಇರಲಿಲ್ಲ. ಸ್ಮಾರಕಗಳ ರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ‘ವಿಶ್ವದ ಹಂಪಿ’ ಎಂಬಲ್ಲಿಯ ಷಷ್ಠಿಗೆ ಸ್ಥಾನ ದೊರೆತಾಗ ‘ನಮ್ಮ ಹಂಪಿ’ ಎಂಬಲ್ಲಿಯ ಷಷ್ಠಿಗೆ ದೊರೆತ ಸ್ಥಾನವೇನು ಎಂಬ ಪ್ರಶ್ನೆ ಇನ್ನೂ ಉಳಿದಿದೆ.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಂಗ್ಲಿಷಿನ ಅಪಾಸ್ಟ್ರಫಿ ಕಣ್ಣಿಗೆ ಕಾಣುವ, ಕಿವಿಗೆ ಕೇಳದ ಚಿಹ್ನೆ. ಕನ್ನಡದ ಷಷ್ಠಿ ಕಿವಿಗೆ ಕೇಳುವ ಪ್ರತ್ಯಯ. ಕೇಳದಿದ್ದಾಗಲೂ ಅದರ ಸಂಬಂಧ ಉಳಿಯುತ್ತದೆ. ಇಂಗ್ಲಿಷ್ ಬೋಧನೆಯಲ್ಲಿ ಕನ್ನಡದ ಅವರು–ಅವರ, ಯಾರು–ಯಾರ ಜೋಡಿಗಳನ್ನು ಬಳಸಿಕೊಂಡರೆ ಕಲಿಕೆ ಸುಲಭವಾಗುತ್ತದೆ. ಜನಪದ ಪಠ್ಯಗಳನ್ನು ಇಂಗ್ಲಿಷಿಗೆ ಅನುವಾದಿಸುವಾಗ ಪ್ರತಿಯೊಂದು ಷಷ್ಠಿಗೂ ಯಾಂತ್ರಿಕವಾಗಿ ಕೊಂಡಿ ಹಾಕಿದರೆ ಕಥೆಯ ಸಂಬಂಧವು ಆಸ್ತಿಯ ಸಂಬಂಧವಾಗಿ ಮಾರ್ಪಡುವ ಅಪಾಯವಿದೆ. ಸ್ಥಳನಾಮ ಮತ್ತು ಸ್ಮಾರಕಗಳ ಹೆಸರುಗಳನ್ನು ದಾಖಲಿಸುವವರು ಫಲಕದ ಹೆಸರಿನ ಜೊತೆಗೆ ಜನರ ಬಾಯಲ್ಲಿರುವ ರೂಪವನ್ನೂ, ಅದರ ಷಷ್ಠಿಯ ಹಿಂದಿರುವ ಕಥೆಯನ್ನೂ ಸಂಗ್ರಹಿಸುವುದು ಅವಶ್ಯಕ.

ಹಂಪಿಯ ಜಾತ್ರೆಗೆ ದೂರದೂರುಗಳಿಂದ ಬರುವವರು ತೇರನ್ನು ಕಂಡು ‘ನಮ್ಮಪ್ಪನ ತೇರು’ ಎಂದು ಕೈಮುಗಿಯುತ್ತಾರೆ. ಅವರಲ್ಲಿ ಯಾರ ಬಳಿಯೂ ತೇರಿನ ಪತ್ರವಿಲ್ಲ. ಅದರ ಹಗ್ಗಕ್ಕೆ ಕೈ ಹಾಕುವವರು ಮಾತ್ರ ಅವರೇ.